ಕೃಷ್ಣಮೃಗದ ತೊಗಲು ಮತ್ತು ಸೀಮೋನನ ಮನೆ

ಪ್ರಾಚೀನ ಹಿಂದೂ ಸಮಾಜದಲ್ಲಿ ಪ್ರಾಣಿಗಳಿಗೆ ಯಾವ ಸ್ಥಾನವಿತ್ತು ಎಂಬ ಪ್ರಶ್ನೆಯನ್ನು ಕ್ರೈಸ್ತ ಲೇಖಕರು ಕೈಗೆತ್ತಿಕೊಂಡಾಗ ಅವರ ದೃಷ್ಟಿ ಬಹುಮಟ್ಟಿಗೆ ಪೂಜೆಯ ಮೇಲೆಯೇ ನೆಟ್ಟಿದೆ. ಮೈಸೂರು ಸೀಮೆಯಲ್ಲಿ ಬಹುಕಾಲ ಬಾಳಿ 1823ರಲ್ಲಿ ಸ್ವದೇಶಕ್ಕೆ ಮರಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರ ಒಂದು ಭಾಗದಲ್ಲಿ ಜಾತಿಗಳ ವಿವರವಿದೆ. ಚರ್ಮದ ಕೆಲಸದವರ ದುಃಸ್ಥಿತಿಯೂ ಅಲ್ಲಿ ಬರುತ್ತದೆ. ಬಸವ, ಕೋತಿ, ಗರುಡ, ನಾಗಗಳ ಆರಾಧನೆಯ ವರ್ಣನೆ ಬೇರೊಂದು ಭಾಗದಲ್ಲಿದೆ. ಈ ಎರಡು ಭಾಗಗಳ ನಡುವೆ ಏನಾದರೂ ಸಂಬಂಧವಿದ್ದೀತೆಂಬ ಸಂಶಯ ಲೇಖಕರಿಗೆ ಬಂದಂತಿಲ್ಲ. ಅವರ ನಂತರ ಬಂದ ಉಪದೇಶಕರೂ ರೋಮಾಪುರದವರಿಗೆ ಬರೆದ ಪತ್ರದ ಮೊದಲನೆಯ ಅಧ್ಯಾಯವನ್ನು ಕೈಯಲ್ಲಿ ಹಿಡಿದು, ಸೃಷ್ಟಿಕರ್ತನನ್ನು ಬಿಟ್ಟು ಸೃಷ್ಟಿಯನ್ನು ಸೇವಿಸಿದ ಜನರೆಂದು ನಮ್ಮ ನೆರೆಯವರನ್ನು ಗುರುತಿಸಿ ಸುಮ್ಮನಾದರು.

ಈ ವಿಮರ್ಶೆ ತಪ್ಪು ಸ್ಥಳದಲ್ಲಿ ನಿಂತು ನೋಡಿದ ವಿಮರ್ಶೆಯೆಂಬುದು ನಮ್ಮ ಅಭಿಪ್ರಾಯ. ಮನುಷ್ಯನು ಪ್ರಾಣಿಯ ಮುಂದೆ ತಲೆಬಾಗಿದನೇ ಎಂಬುದನ್ನಷ್ಟೇ ಕೇಳಿದವರು, ಪ್ರಾಣಿಯ ನೆಪದಲ್ಲಿ ಮನುಷ್ಯ ಮನುಷ್ಯರ ನಡುವೆ ಎಂಥ ಗೆರೆಗಳು ಎಳೆಯಲ್ಪಟ್ಟವು ಎಂಬುದನ್ನು ಕೇಳಲಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಒಂದೇ ಪ್ರಾಣಿಯನ್ನು ಹಿಡಿದು, ಅದು ಇಂದಿಗೂ ಅಲೆಯುತ್ತಿರುವ ಒಂದು ಸೀಮೆಯಲ್ಲಿ ನಿಂತು ಕೇಳುವುದು ಈ ಲೇಖನದ ಉದ್ದೇಶ.

ಆ ಸೀಮೆ ತುಮಕೂರು ಜಿಲ್ಲೆಯ ಈಶಾನ್ಯದ ಬಯಲು. ಕೊರಟಗೆರೆ ತಾಲ್ಲೂಕಿನ ಹೊಳವನಹಳ್ಳಿಯಿಂದ ಜಯಮಂಗಲಿಯ ಹರಿವಿನ ದಿಕ್ಕನ್ನು ಹಿಡಿದು ಮಧುಗಿರಿ ತಾಲ್ಲೂಕಿನ ಕಡೆಗೆ ಸಾಗಿದರೆ ಬೆಟ್ಟಗಳು ಹಿಂದಕ್ಕೆ ಸರಿದು ನೆಲ ತೆರೆದುಕೊಳ್ಳುತ್ತದೆ. ಮಳೆ ಕಡಿಮೆ, ಮರ ವಿರಳ. ರಾಗಿ ಮತ್ತು ಕಡಲೆಕಾಯಿಯ ಹೊಲಗಳ ನಡುವೆ ಹುಲ್ಲುಗಾವಲು. ಅಲ್ಲಿ ಮೈದನಹಳ್ಳಿಯ ಬಳಿ 798 ಎಕರೆ ವಿಸ್ತಾರದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಿದೆ. 2007ರಲ್ಲಿ ಅದು ಘೋಷಿತವಾಯಿತು. ಸುರುಳಿ ಕೊಂಬಿನ ಕಪ್ಪು ಬೆನ್ನಿನ ಗಂಡು, ಕಂದು ಬಣ್ಣದ ಹೆಣ್ಣು, ಎರಡಕ್ಕೂ ಬಿಳಿಯ ಹೊಟ್ಟೆ. ಹೆದರಿದಾಗ ಇಡೀ ಹಿಂಡು ನೆಲ ಬಿಟ್ಟು ಚಿಮ್ಮುತ್ತ ಓಡುವುದನ್ನು ಈ ಸೀಮೆಯ ದನಗಾಹಿ ಮಕ್ಕಳೆಲ್ಲರೂ ಕಂಡಿದ್ದಾರೆ. ಈ ಮಕ್ಕಳು ಅರಿಯದ ಸಂಗತಿಯೊಂದುಂಟು: ಒಂದು ಕಾಲದಲ್ಲಿ ಶಾಸ್ತ್ರಕಾರರು ಪವಿತ್ರ ಭೂಮಿಯ ಎಲ್ಲೆಯನ್ನು ಗೊತ್ತುಮಾಡಿದ್ದು ಈ ಮೃಗದ ಓಡಾಟದಿಂದ.

ಮನುಸ್ಮೃತಿಯ ಎರಡನೆಯ ಅಧ್ಯಾಯ ನೆಲವನ್ನು ಹಂತಹಂತವಾಗಿ ಅಳೆಯುತ್ತದೆ. ಸರಸ್ವತೀ ದೃಷದ್ವತೀ ನದಿಗಳ ನಡುವಿನ ಬ್ರಹ್ಮಾವರ್ತ ಮೊದಲು. ಬ್ರಹ್ಮರ್ಷಿದೇಶ, ಮಧ್ಯದೇಶ, ಆರ್ಯಾವರ್ತಗಳು ಅನಂತರ. ಇವೆಲ್ಲ ನದಿ, ಬೆಟ್ಟ, ಸಮುದ್ರಗಳ ಎಲ್ಲೆಗಳು. ಆದರೆ ಇಪ್ಪತ್ತಮೂರನೆಯ ಶ್ಲೋಕದಲ್ಲಿ ಅಳತೆಗೋಲು ಬದಲಾಗುತ್ತದೆ. ಕೃಷ್ಣಸಾರ ಮೃಗವು ಸ್ವಭಾವತಃ ಎಲ್ಲಿ ಅಲೆಯುವುದೋ ಆ ನೆಲ ಯಜ್ಞಕ್ಕೆ ಯೋಗ್ಯ, ಅದರ ಆಚೆಗಿನದು ಮ್ಲೇಚ್ಛದೇಶ ಎಂಬುದು ಅದರ ಅಭಿಪ್ರಾಯ. ವಸಿಷ್ಠ ಮತ್ತು ಬೌಧಾಯನರ ಧರ್ಮಸೂತ್ರಗಳಲ್ಲಿಯೂ ಈ ಭಾವನೆ ಕಾಣುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯಂತೂ ತನ್ನ ಆರಂಭದಲ್ಲಿಯೇ ಧರ್ಮವನ್ನು ಕಪ್ಪು ಮೃಗವಿರುವ ನೆಲಕ್ಕೆ ಹೊಂದಿಸಿ ಹೇಳುತ್ತದೆ.

ಇದರ ಹಿಂದೆ ಇನ್ನೂ ಹಳೆಯ ಕಥೆಯೊಂದಿದೆ. ಶತಪಥ ಬ್ರಾಹ್ಮಣದ ಮೊದಲ ಕಾಂಡದ ಪ್ರಕಾರ ಯಜ್ಞವು ಒಮ್ಮೆ ದೇವತೆಗಳಿಂದ ತಪ್ಪಿಸಿಕೊಂಡು ಕೃಷ್ಣಮೃಗದ ರೂಪದಲ್ಲಿ ಅಲೆಯಿತು. ದೇವತೆಗಳು ಅದನ್ನು ಕಂಡುಹಿಡಿದು ಅದರ ಚರ್ಮವನ್ನು ಸುಲಿದು ತಂದರು. ಆ ಚರ್ಮದ ಬಿಳಿ, ಕಪ್ಪು, ಕಂದು ರೋಮಗಳಲ್ಲಿ ಬ್ರಾಹ್ಮಣಗ್ರಂಥವು ಮೂರು ವೇದಗಳನ್ನು ಕಾಣುತ್ತದೆ. ಗಮನಿಸಬೇಕಾದ ಅಂಶವೆಂದರೆ ಕೃಷ್ಣಮೃಗವು ಬಲಿಯ ಪಶುವಲ್ಲ. ವೈದಿಕ ಗ್ರಂಥಗಳು ಎಣಿಸುವ ಐದು ಯಜ್ಞಪಶುಗಳಾದ ಮನುಷ್ಯ, ಕುದುರೆ, ಗೋವು, ಕುರಿ, ಮೇಕೆಗಳಲ್ಲಿ ಅದರ ಹೆಸರಿಲ್ಲ. ಅರಣ್ಯದ ಮೃಗವನ್ನು ಬೆಂಕಿಗೆ ಅರ್ಪಿಸುವಂತಿರಲಿಲ್ಲ. ಹೀಗಾಗಿ ಅದು ಯಜ್ಞದ ಹೊರಗೆ ನಿಂತೇ ಯಜ್ಞವನ್ನು ಪಾವನಗೊಳಿಸುವ ವಿಚಿತ್ರ ಪದವಿಯನ್ನು ಪಡೆಯಿತು. ಅದರ ಚರ್ಮವನ್ನು ಹಾಸಿ, ಅದರ ಮೇಲೆ ಒರಳನ್ನಿಟ್ಟು ಹವಿಸ್ಸಿನ ಧಾನ್ಯವನ್ನು ಕುಟ್ಟಿದರು. ದೀಕ್ಷೆ ಪಡೆದ ಯಜಮಾನನು ಅದರ ಮೇಲೆ ಕುಳಿತನು.

ಈ ಭಾಗವನ್ನು ಓದುವಾಗ ನಾವು ನ್ಯಾಯವಂತರಾಗಿರಬೇಕು. ನೆಲದ ಪಾವಿತ್ರ್ಯವನ್ನು ಒಬ್ಬ ಅರಸನ ಗಡಿಕಲ್ಲಿನಿಂದಲ್ಲದೆ, ಯಾರ ಅಪ್ಪಣೆಯನ್ನೂ ಕೇಳದೆ ಅಲೆಯುವ ಕಾಡುಮೃಗದಿಂದ ಅಳೆಯಬೇಕೆಂಬ ಕಲ್ಪನೆಯಲ್ಲಿ ಒಂದು ವೈಶಾಲ್ಯವಿದೆ. ಫ್ರೆಂಚ್ ವಿದ್ವಾಂಸ ಫ್ರಾನ್ಸಿಸ್ ಝಿಮ್ಮರ್ಮನ್ ಅವರು 1982ರ ತಮ್ಮ ಗ್ರಂಥದಲ್ಲಿ, ಆಯುರ್ವೇದದ ‘ಜಾಂಗಲ’ ಎಂಬ ಮಾತು ಮೂಲತಃ ದಟ್ಟ ಕಾಡನ್ನಲ್ಲ, ಒಣ ಹವೆಯ ತೆರೆದ ಬಯಲನ್ನು ಸೂಚಿಸುತ್ತಿತ್ತೆಂದೂ, ಕೃಷ್ಣಮೃಗವು ಆ ಬಯಲಿನ ಗುರುತಾಗಿತ್ತೆಂದೂ ತೋರಿಸಿಕೊಟ್ಟಿದ್ದಾರೆ. ಆ ಅರ್ಥದಲ್ಲಿ ಮಧುಗಿರಿ, ಸಿರಾ, ಪಾವಗಡಗಳ ನೆಲ ಅಪ್ಪಟ ಜಾಂಗಲ. ವಿಂಧ್ಯದ ದಕ್ಷಿಣಕ್ಕಿರುವ ಈ ನೆಲ ಆರ್ಯಾವರ್ತದ ಹೊರಗಿನದು. ಆದರೆ ಮರುಶ್ಲೋಕದ ಮೃಗದ ಅಳತೆಯಿಂದ ನೋಡಿದರೆ ಒಳಗಿನದು! ಒಂದೇ ಪುಟದಲ್ಲಿ ಶಾಸ್ತ್ರವು ಮುಚ್ಚಿದ ಬಾಗಿಲನ್ನು ಮೃಗವು ತೆರೆದಿದೆ. ಈ ತೊಡಕನ್ನು ಹಳೆಯ ವ್ಯಾಖ್ಯಾನಕಾರರೂ ಬಲ್ಲರು. ಯಾವ ನೆಲವೂ ತನ್ನಷ್ಟಕ್ಕೆ ಅಶುದ್ಧವಲ್ಲವೆಂದು ಮೇಧಾತಿಥಿ ವಾದಿಸಿದನು. ಆದರೆ ಅವನು ಅದಕ್ಕೆ ಸೇರಿಸಿದ ನಿಬಂಧನೆಯನ್ನು ನೋಡಬೇಕು: ಕ್ಷತ್ರಿಯನೊಬ್ಬನು ಮ್ಲೇಚ್ಛರ ನೆಲವನ್ನು ಗೆದ್ದು ಅಲ್ಲಿ ಚಾತುರ್ವರ್ಣ್ಯವನ್ನು ನೆಲೆಗೊಳಿಸಿದರೆ ಆ ನೆಲವೂ ಯಜ್ಞಯೋಗ್ಯವಾಗುತ್ತದೆ. ಮೃಗವು ಎಲ್ಲೆಯನ್ನು ಅಗಲಿಸಿತು. ವ್ಯಾಖ್ಯಾನವು ಆ ಎಲ್ಲೆಯೊಳಗೆ ಬರಲು ವರ್ಣವನ್ನು ಸುಂಕವಾಗಿ ಕೇಳಿತು.

ಇಲ್ಲಿಂದ ಮುಂದಕ್ಕೆ ನಾವು ಓಡುವ ಮೃಗವನ್ನು ಬಿಟ್ಟು ಸುಲಿದ ಚರ್ಮದ ಕಡೆಗೆ ತಿರುಗಬೇಕು. ನೆಲವನ್ನು ವಿಂಗಡಿಸಿದ ಪ್ರಾಣಿಯೇ ಜನರನ್ನೂ ವಿಂಗಡಿಸಿತು. ಮನುಸ್ಮೃತಿಯ ಅದೇ ಎರಡನೆಯ ಅಧ್ಯಾಯದಲ್ಲಿ ಉಪನಯನವಾದ ವಟುಗಳ ಉಡುಗೆಯನ್ನು ಹೇಳುವಾಗ ಬ್ರಾಹ್ಮಣನಿಗೆ ಕೃಷ್ಣಮೃಗದ, ಕ್ಷತ್ರಿಯನಿಗೆ ರುರುಮೃಗದ, ವೈಶ್ಯನಿಗೆ ಮೇಕೆಯ ಚರ್ಮವನ್ನು ವಿಧಿಸಲಾಗಿದೆ. ಶೂದ್ರನಿಗೆ ಉಪನಯನವಿಲ್ಲದ್ದರಿಂದ ಚರ್ಮವೂ ಇಲ್ಲ. ಹುಡುಗನ ಹೆಗಲಿನ ಮೇಲಿನ ತೊಗಲನ್ನು ನೋಡಿದೊಡನೆ ಅವನು ಯಾರೆಂಬುದು ತಿಳಿಯಬೇಕು.

ಹಾಗಾದರೆ ಆ ತೊಗಲನ್ನು ಹದಮಾಡಿದವರು ಯಾರು? ಋಗ್ವೇದದ ಎಂಟನೆಯ ಮಂಡಲದಲ್ಲಿ ಚರ್ಮ ಹದಮಾಡುವವರ ಉಲ್ಲೇಖವೊಂದಿದೆ. ಅಲ್ಲಿ ಹೀನತೆಯ ಸೂಚನೆಯಿಲ್ಲ. ಸ್ಮೃತಿಯ ಕಾಲಕ್ಕೆ ಚಿತ್ರ ಬದಲಾಗಿದೆ. ಹತ್ತನೆಯ ಅಧ್ಯಾಯವು ಚರ್ಮದ ಕೆಲಸದವನನ್ನು ಸಂಕರಜಾತಿಗಳ ಪಟ್ಟಿಯಲ್ಲಿ, ನಿಷಾದನ ಸಂತತಿಯಾಗಿ ಇರಿಸುತ್ತದೆ. ನಾಲ್ಕನೆಯ ಅಧ್ಯಾಯದಲ್ಲಿ, ಚರ್ಮ ಕೊಯ್ಯುವವನ ಅನ್ನವು ಉಂಡವನ ಯಶಸ್ಸನ್ನು ಹಾಳುಮಾಡುತ್ತದೆಂಬ ಎಚ್ಚರಿಕೆಯಿದೆ. ಇನ್ನು ದ್ರವ್ಯಶುದ್ಧಿಯನ್ನು ಹೇಳುವ ಐದನೆಯ ಅಧ್ಯಾಯವನ್ನು ತೆರೆದರೆ, ಚರ್ಮದ ವಸ್ತು ಮೈಲಿಗೆಯಾದರೆ ಬಟ್ಟೆಯಂತೆಯೇ ತೊಳೆದು ಶುದ್ಧಮಾಡಬಹುದೆಂದು ಬರೆದಿದೆ.

ಈ ಮೂರು ಅಧ್ಯಾಯಗಳನ್ನು ಒಂದರ ಪಕ್ಕದಲ್ಲೊಂದು ಇಟ್ಟು ಓದಿದಾಗ ಹೊರಬೀಳುವ ಸತ್ಯ ಕಠೋರವಾದದ್ದು. ತೊಗಲಿಗೆ ಶುದ್ಧಿಯುಂಟು, ತೊಗಲು ಮುಟ್ಟಿ ಬಾಳಿದವನಿಗಿಲ್ಲ. ಸತ್ತ ಪ್ರಾಣಿಯ ಚರ್ಮ ನೀರಿನಿಂದ ಮಡಿಯಾಗುತ್ತದೆ. ಜೀವಂತ ಮನುಷ್ಯನ ಚರ್ಮ ಯಾವ ನೀರಿನಿಂದಲೂ ಮಡಿಯಾಗದು. ಮೈಲಿಗೆಯ ಮೂಲ ಶವವೇ ಆಗಿದ್ದರೆ ಕೃಷ್ಣಾಜಿನವೂ ಮೈಲಿಗೆಯಾಗಬೇಕಿತ್ತು. ಆದುದರಿಂದ ಇಲ್ಲಿ ಮೈಲಿಗೆಯೆಂಬುದು ಪ್ರಾಣಿಯಿಂದ ಮನುಷ್ಯನಿಗೆ ಅಂಟಿದ ಗುಣವಲ್ಲ. ಮೊದಲೇ ಕೆಳಗಿಟ್ಟ ಮನುಷ್ಯನಿಗೆ ಪ್ರಾಣಿಯ ಹೆಸರಿನಲ್ಲಿ ಕೊಟ್ಟ ಕಾರಣ. ಡಾ. ಅಂಬೇಡ್ಕರರು 1948ರಲ್ಲಿ ಪ್ರಕಟಿಸಿದ ಅಸ್ಪೃಶ್ಯರ ಕುರಿತ ಗ್ರಂಥದಲ್ಲಿ ಸತ್ತ ಗೋವಿನ ಮಾಂಸ ಮತ್ತು ಅಸ್ಪೃಶ್ಯತೆಯ ಸಂಬಂಧವನ್ನು ಶೋಧಿಸಿದರು. ಅವರ ಐತಿಹಾಸಿಕ ತೀರ್ಮಾನಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೂ ಪ್ರಾಣಿಯ ಪ್ರಶ್ನೆಯನ್ನೂ ಜಾತಿಯ ಪ್ರಶ್ನೆಯನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಡಲಾಗದೆಂಬ ಅವರ ಒಳನೋಟಕ್ಕೆ ಚ್ಯುತಿಯಿಲ್ಲ. ದುಬಾಯ್ ಅವರ ಗ್ರಂಥದ ಕೊರತೆ ಇದೇ.

ಗ್ರಂಥದ ಮಾತು ಗ್ರಂಥದಲ್ಲಿಯೇ ಉಳಿಯಿತೆಂದು ಯಾರಾದರೂ ಹೇಳಬಹುದು. ಮನುಸ್ಮೃತಿಯೇ ಹಿಂದೂ ಸಮಾಜವಲ್ಲ, ಹಳ್ಳಿಯವರು ಅದನ್ನು ಓದಿ ಬದುಕಿದವರಲ್ಲ ಎಂಬ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಆ ಸಮಾಜದ ಒಳಗಿನಿಂದಲೇ ಇದಕ್ಕೆ ಪ್ರತಿವಾದ ಹುಟ್ಟಿತೆಂಬುದನ್ನೂ ಒಪ್ಪಬೇಕು. ಕನ್ನಡನಾಡಿನ ಕಲ್ಯಾಣ ಪಟ್ಟಣ ಇದಕ್ಕೆ ಸಾಕ್ಷಿ. ಕಪ್ಪು ಮೃಗದ ನೆಲದಿಂದ ಧರ್ಮವನ್ನು ಆರಂಭಿಸುವ ಯಾಜ್ಞವಲ್ಕ್ಯ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇದೇ ಕಲ್ಯಾಣದ ಆಶ್ರಯದಲ್ಲಿ. ವಿಕ್ರಮಾದಿತ್ಯನ ಆಳ್ವಿಕೆ 1126ರಲ್ಲಿ ಕೊನೆಗೊಂಡಿತು. ಕೆಲವು ದಶಕಗಳು ಕಳೆಯುವುದರೊಳಗೆ ಅದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯನು ಬಸವಣ್ಣನವರ ಶರಣರ ಬಳಗದಲ್ಲಿ ಒಬ್ಬನಾಗಿದ್ದನು. ಐತಿಹ್ಯದ ಪ್ರಕಾರ ಬಸವಣ್ಣನವರು ಮಾಡಿದ ಶರಣಾರ್ಥಿಯ ಋಣವನ್ನು ತೀರಿಸಲು ಹರಳಯ್ಯ ಮತ್ತು ಅವನ ಪತ್ನಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿದರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲೆ ಇಟ್ಟುಕೊಂಡರು. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಬಿಜ್ಜಳನ ರಾಜ್ಯ ಅದನ್ನು ಸಹಿಸಲಿಲ್ಲ. ಇಬ್ಬರು ತಂದೆಯರೂ ಘೋರ ಶಿಕ್ಷೆಗೆ ಗುರಿಯಾದರೆಂದು ಪರಂಪರೆ ಹೇಳುತ್ತದೆ. ಚರ್ಮದಿಂದ ಜನರನ್ನು ಅಳೆದ ಶಾಸ್ತ್ರಕ್ಕೆ ಈ ಕಥೆಗಿಂತ ನೇರವಾದ ಉತ್ತರ ಕನ್ನಡದಲ್ಲಿ ಇನ್ನೊಂದಿಲ್ಲ. ಕ್ರೈಸ್ತ ಬೋಧಕರಲ್ಲಿ ಕೆಲವರು ಹರಳಯ್ಯನನ್ನು ಕ್ರಿಸ್ತನ ಛಾಯೆಯೆಂದು ಕೂಡಲೇ ವ್ಯಾಖ್ಯಾನಿಸಲು ಮುಂದಾಗುವುದುಂಟು. ಆ ಆತುರ ಬೇಡ. ಅವನ ತ್ಯಾಗ ಅವನ ಬಳಗದ ಸೊತ್ತು. ಅದರ ಮುಂದೆ ನಾವು ಮೊದಲು ಕೇಳುವವರಾಗಿ ಕುಳಿತುಕೊಳ್ಳಬೇಕು.

ಕಲ್ಯಾಣದ ಆ ಉತ್ತರದ ನಂತರವೂ ಗೆರೆ ಅಳಿಸಿಹೋಗಲಿಲ್ಲ. ಇದಕ್ಕೆ ಜಯಮಂಗಲಿಯ ಬಯಲೇ ಸಾಕ್ಷಿ ಹೇಳಬಲ್ಲದು. ಕೊಳವೆಬಾವಿಗಳು ಬರುವುದಕ್ಕೆ ಮುಂಚೆ ಈ ಬರದ ನಾಡಿನ ತೋಟಗಳಿಗೆ ನೀರೆತ್ತಿದ್ದು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಹಗ್ಗವನ್ನೆಳೆದಂತೆ ಬಾವಿಯಾಳದಿಂದ ತೊಗಲಿನ ಚೀಲ ತುಂಬಿ ಮೇಲೇರುತ್ತಿತ್ತು. ಆ ತೊಗಲನ್ನು ಹದಮಾಡಿ ಹೊಲಿದುಕೊಟ್ಟವರು ಮಾದಿಗ ಸಮುದಾಯದವರು. ಅವರ ಕೈಯ ಚೀಲ ದಿನವೆಲ್ಲ ಬಾವಿಯ ನೀರಿನಲ್ಲಿ ಮುಳುಗೇಳುತ್ತಿತ್ತು. ಅವರ ಕೈ ಮಾತ್ರ ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ದೇವಿಯ ಉತ್ಸವದ ಮುಂದೆ ಅವರ ತಮಟೆಯ ಧ್ವನಿ ಬೇಕಿತ್ತು. ಗುಡಿಯ ಹೊಸ್ತಿಲಲ್ಲಿ ಅವರು ಬೇಡವಾಗಿತ್ತು. ಈ ಗೆರೆಯನ್ನು ಎಳೆಯಲು ಯಾವ ರೈತನೂ ಮನುಸ್ಮೃತಿಯ ಪುಟ ತಿರುವಲಿಲ್ಲ. ಪುಟ ತಿರುವುವ ಅಗತ್ಯವೇ ಇಲ್ಲದಷ್ಟು ಆಳವಾಗಿ ಆ ತರ್ಕ ನೆಲಕ್ಕೆ ಇಳಿದಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಸತ್ಯವೇದವನ್ನೂ ಇದೇ ಪ್ರಶ್ನೆಯಿಂದ ಪರೀಕ್ಷಿಸದೆ ಇರುವುದು ಪ್ರಾಮಾಣಿಕತೆಯಲ್ಲ. ಯಾಜಕಕಾಂಡದ ಹನ್ನೊಂದನೆಯ ಅಧ್ಯಾಯವೂ ಪ್ರಾಣಿಗಳನ್ನು ಶುದ್ಧ ಅಶುದ್ಧಗಳೆಂದು ವಿಂಗಡಿಸುತ್ತದೆ. ಆ ವಿಂಗಡಣೆಯಿಂದ ಇಸ್ರಾಯೇಲು ಇತರ ಜನಾಂಗಗಳಿಂದ ಬೇರೆಯಾಗಿ ನಿಲ್ಲುತ್ತದೆ. ಸತ್ತ ಪ್ರಾಣಿಯನ್ನು ಮುಟ್ಟಿದವನು ಅಲ್ಲಿಯೂ ಅಶುದ್ಧನೇ. ಆದರೆ ಆ ಅಶುದ್ಧಿಗೆ ಒಂದು ಅವಧಿಯಿದೆ: ಸಾಯಂಕಾಲದವರೆಗೆ. ಸೂರ್ಯನು ಮುಳುಗಿದ ಮೇಲೆ ಅವನು ಮತ್ತೆ ತನ್ನ ಜನರಲ್ಲಿ ಒಬ್ಬನು. ಅವನ ಮಗನು ಅದನ್ನು ಬಾಧ್ಯತೆಯಾಗಿ ಪಡೆಯುವುದಿಲ್ಲ. ಈ ವ್ಯತ್ಯಾಸ ದೊಡ್ಡದೇ ಆದರೂ ನಾವು ಹೆಮ್ಮೆಪಡಲು ಸಾಲದು. ಮುಂದಿನ ಕಾಲದ ಮಿಷ್ನಾ ಗ್ರಂಥವು ಚರ್ಮ ಹದಮಾಡುವ ಸ್ಥಳ ಊರಿನಿಂದ ಐವತ್ತು ಮೊಳ ದೂರವಿರಬೇಕೆಂದು ವಿಧಿಸುತ್ತದೆ. ದುರ್ವಾಸನೆಯೇ ಅದಕ್ಕೆ ಕಾರಣವಿದ್ದೀತು. ಆದರೂ ಊರ ಹೊರಗಿನ ಕೇರಿಯೆಂದರೇನೆಂದು ಬಲ್ಲ ನಮಗೆ ಆ ಐವತ್ತು ಮೊಳದ ಅರ್ಥ ಬೇಗ ಹೊಳೆಯುತ್ತದೆ.

ಈ ಹಿನ್ನೆಲೆಯಲ್ಲಿ ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯವನ್ನು ಮತ್ತೆ ಓದಬೇಕು. ಆಕಾಶದಿಂದ ಇಳಿದ ಜೋಳಿಗೆಯಲ್ಲಿ ಎಲ್ಲ ವಿಧದ ಪ್ರಾಣಿಗಳನ್ನು ಪೇತ್ರನು ಕಂಡ ದರ್ಶನವನ್ನು ಸಭೆಗಳಲ್ಲಿ ಅನೇಕ ಸಾರಿ ಬೋಧಿಸಲಾಗಿದೆ. ಆದರೆ ಅವನು ಆ ದರ್ಶನವನ್ನು ಕಂಡದ್ದು ಯಾರ ಮಾಳಿಗೆಯ ಮೇಲೆ? ಯೊಪ್ಪದಲ್ಲಿ, ಸಮುದ್ರದ ಬಳಿ, ಚರ್ಮ ಹದಮಾಡುವ ಸೀಮೋನನ ಮನೆಯ ಮಾಳಿಗೆಯ ಮೇಲೆ. ಲೂಕನು ಈ ವಿಳಾಸವನ್ನು ಮತ್ತೆ ಮತ್ತೆ ಹೇಳುತ್ತಾನೆ. ಅಶುದ್ಧವಾದದ್ದನ್ನು ತಾನೆಂದೂ ತಿಂದವನಲ್ಲವೆಂದು ಪೇತ್ರನು ಮೇಲೆ ವಾದಿಸುತ್ತಿರುವಾಗ ಕೆಳಗಿನ ಅಂಗಳದಲ್ಲಿ ತೊಗಲುಗಳು ನೆನೆಯುತ್ತಿದ್ದವೆಂದು ಊಹಿಸುವುದು ಅತಿಯಲ್ಲ. ಬಹುದಿನಗಳಿಂದ ಆ ಮನೆಯ ಅನ್ನವನ್ನು ಉಂಡವನು ಅವನು. ಕೊರ್ನೇಲ್ಯನು ಕಳುಹಿಸಿದ ಅನ್ಯಜನರು ಬಂದಾಗ ಅವರನ್ನು ಒಳಗೆ ಕರೆದು ಇಳಿಸಿಕೊಂಡದ್ದೂ ಆ ಮನೆಯಲ್ಲಿಯೇ. ಕೈಸರೈಯವನ್ನು ತಲುಪಿದಾಗ ಪೇತ್ರನು ದರ್ಶನದ ಅರ್ಥವನ್ನು ಹೇಳುತ್ತಾನೆ. ಅದು ಪ್ರಾಣಿಗಳ ಕುರಿತದ್ದಲ್ಲ, ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂಬುದು. ಪ್ರಾಣಿಗಳ ಮೂಲಕ ಎಳೆದ ಗೆರೆಯನ್ನು ಅಳಿಸಲು ದೇವರು ಪ್ರಾಣಿಗಳನ್ನೇ ತೋರಿಸಿದನು. ಆ ಪಾಠಕ್ಕೆ ತೊಗಲಿನವನ ಮನೆಯನ್ನೇ ಶಾಲೆಯಾಗಿ ಆರಿಸಿಕೊಂಡನು.

ಆದರೆ ಆ ಮನೆಯ ಯಜಮಾನನು ಇಡೀ ಕಥೆಯಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಯೆರೂಸಲೇಮಿನ ಸಭೆಯಲ್ಲಿ ಸುನ್ನತಿಯಿಲ್ಲದವರೊಡನೆ ಊಟಮಾಡಿದ್ದರ ಕುರಿತು ವಾದ ನಡೆಯಿತು. ಸೀಮೋನನ ಹೆಸರನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅತಿಥಿಯು ಕಲಿತ ಪಾಠವನ್ನು ಸಭೆ ನೆನಪಿನಲ್ಲಿಟ್ಟುಕೊಂಡಿತು, ಆತಿಥೇಯನನ್ನು ಮರೆಯಿತು. ನಮ್ಮ ನಾಡಿನ ಸಭೆಗಳ ಚರಿತ್ರೆಯನ್ನು ಓದುವಾಗ ಈ ಮರೆವು ಪರಿಚಿತವೆನಿಸುತ್ತದೆ. ಸುವಾರ್ತೆಗೆ ಮೊದಲು ಬಾಗಿಲು ತೆರೆದ ಮನೆಗಳಲ್ಲಿ ಎಷ್ಟೋ ಮನೆಗಳು ಊರ ಹೊರಗಿನ ಕೇರಿಯವು. ಆ ಕೇರಿಗಳಿಂದ ಬಂದವರು ಸಭೆಯ ಸದಸ್ಯರಾದರು. ಆದರೆ ವಿವಾಹಸಂಬಂಧದಲ್ಲಿ, ಹಿರಿಯರ ಆಯ್ಕೆಯಲ್ಲಿ, ಕೆಲವೆಡೆ ಸ್ಮಶಾನದಲ್ಲಿಯೂ ಹಳೆಯ ಗೆರೆ ಉಳಿದುಕೊಂಡಿತು. ಪಿಟೀಲು ಮತ್ತು ಹಾರ್ಮೋನಿಯಂಗಳನ್ನು ಆರಾಧನೆಗೆ ಬರಮಾಡಿಕೊಂಡ ನಾವು ತಮಟೆಯನ್ನು ಬಹುಕಾಲ ಹೊರಗೇ ನಿಲ್ಲಿಸಿದೆವು. 1950ರ ಪರಿಶಿಷ್ಟ ಜಾತಿಗಳ ಆದೇಶವು ದಲಿತ ಕ್ರೈಸ್ತರನ್ನು ತನ್ನ ಪಟ್ಟಿಯಿಂದ ಹೊರಗಿಟ್ಟದ್ದನ್ನು ನಾವು ಅನ್ಯಾಯವೆಂದು ಸರಿಯಾಗಿಯೇ ಹೇಳುತ್ತೇವೆ. ಸಭೆಯೊಳಗೆ ಜಾತಿಯೇ ಇಲ್ಲವೆಂದು ಒಂದು ಕಡೆ ಸಾರುತ್ತ, ಜಾತಿಯ ನೋವಿಗೆ ಪರಿಹಾರ ಬೇಕೆಂದು ಇನ್ನೊಂದು ಕಡೆ ಕೇಳುವಾಗ ನಮ್ಮ ಮಾತು ತೊದಲುವುದು ಸಹಜ. ಮೊದಲು ಒಪ್ಪಿಕೊಳ್ಳುವುದೇ ಪ್ರಾಮಾಣಿಕವಾದ ಮಾರ್ಗ.

ಕೊನೆಯದಾಗಿ ಮೃಗದ ಪಕ್ಷದ ಒಂದು ಆಕ್ಷೇಪವನ್ನೂ ಎದುರಿಸಬೇಕು. ಶತಪಥ ಬ್ರಾಹ್ಮಣಕ್ಕೆ ಕೃಷ್ಣಮೃಗ ಯಜ್ಞದ ಸಂಕೇತ, ಮನುವಿಗೆ ಎಲ್ಲೆಯ ಸಂಕೇತ. ಪೇತ್ರನ ದರ್ಶನದಲ್ಲಿಯೂ ಪ್ರಾಣಿಗಳು ಮನುಷ್ಯರ ಸಂಕೇತಗಳೇ. ಪ್ರಾಣಿಯು ತಾನಾಗಿಯೇ ಯಾರಿಗೂ ಬೇಕಾಗಲಿಲ್ಲವೇ? ಯೋಬನ ಗ್ರಂಥದ ಮೂವತ್ತೊಂಬತ್ತನೆಯ ಅಧ್ಯಾಯ ಈ ಪ್ರಶ್ನೆಗೆ ಸತ್ಯವೇದದ ಉತ್ತರವೆಂದು ನಾವು ತಿಳಿಯುತ್ತೇವೆ. ಅಲ್ಲಿ ಕಾಡುಮೇಕೆಯೂ ಹುಲ್ಲೆಯೂ ಈಯುತ್ತವೆ, ಕಾಡುಕತ್ತೆ ಉಪ್ಪುನೆಲದಲ್ಲಿ ಅಲೆಯುತ್ತದೆ. ಅವು ಯಾರಿಗೂ ಉಡುಗೆಯಲ್ಲ, ಬಲಿಯಲ್ಲ, ಗಡಿಯ ಗುರುತಲ್ಲ. ಅವುಗಳನ್ನು ಬಲ್ಲವನು ದೇವರೊಬ್ಬನೇ. ಮೈದನಹಳ್ಳಿಯ ಹುಲ್ಲಿನಲ್ಲಿ ಇಂದು ಕೃಷ್ಣಮೃಗವು ಹೆಚ್ಚುಕಡಿಮೆ ಈ ಸ್ಥಿತಿಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಬೇಟೆಯಾಡಿ ಚರ್ಮ ಸುಲಿಯುವುದು ಯಾವ ಜಾತಿಯವನಿಗೂ ಅಪರಾಧ. ಶಾಸ್ತ್ರವು ಮೂರು ವರ್ಣಗಳಿಗೆ ಮೂರು ತೊಗಲುಗಳನ್ನು ಹಂಚಿದ ಕಾಲದಿಂದ ಇಲ್ಲಿಯವರೆಗೆ ಇದು ಸಣ್ಣ ಪ್ರಯಾಣವಲ್ಲ.

ಹಿಂಡು ಹೊಲಕ್ಕೆ ನುಗ್ಗಿ ಕಡಲೆಕಾಯಿಯ ಗಿಡವನ್ನು ಮೇಯುವ ರಾತ್ರಿಗಳಲ್ಲಿ ಅದರ ನಷ್ಟವನ್ನು ಹೊರುವವರು ಹೆಚ್ಚಾಗಿ ಸಣ್ಣ ಹಿಡುವಳಿಯ ರೈತರೆಂಬುದನ್ನೂ ಮರೆಯುವಂತಿಲ್ಲ. ಮೃಗಕ್ಕೆ ಕೊಟ್ಟ ರಕ್ಷಣೆಯ ಬೆಲೆಯನ್ನು ಬಡವನೊಬ್ಬನೇ ತೆತ್ತರೆ ಹಳೆಯ ಗೆರೆ ಹೊಸ ಹೆಸರಿನಲ್ಲಿ ಮರಳಿ ಬಂದಂತೆ. ಹೊಳವನಹಳ್ಳಿಯಂಥ ಊರುಗಳಿಂದ ದೇವಶಾಸ್ತ್ರದ ಅಧ್ಯಯನಕ್ಕೆ ಬರುವ ನಮ್ಮ ವಿದ್ಯಾರ್ಥಿಗಳಿಗೆ ನಾವು ಹೇಳಬಯಸುವುದು ಇಷ್ಟು. ನೆರೆಯವನು ಯಾವ ಪ್ರಾಣಿಗೆ ಕೈಮುಗಿದನೆಂದು ಬರೆದುಕೊಳ್ಳುವ ಮುನ್ನ, ಊರಿನಲ್ಲಿ ತೊಗಲಿನ ಕೆಲಸ ಮಾಡಿದ ಕುಟುಂಬ ಯಾವ ಬೀದಿಯಲ್ಲಿತ್ತು, ಅವರ ಮನೆಯಲ್ಲಿ ನಮ್ಮ ಸಭೆಯವರು ಯಾರು ಊಟಮಾಡಿದರು ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ. ಪೇತ್ರನು ಬಹುದಿನ ತಂಗಿದ್ದ ಮನೆಯನ್ನು ಹುಡುಕಿಕೊಂಡು ಹೋದವರು ದಾರಿ ಕೇಳಿದ್ದು ತೊಗಲಿನ ಸೀಮೋನನ ಹೆಸರನ್ನು ಹೇಳಿಯೇ.